ಹೊಂದದ ಮೂರು ಕಲ್ಲುಗಳು

ಶಿರಸಿ

ಚಿ. ಮೈತ್ರಿಗೆ ಅಜ್ಜನ ಆಶೀರ್ವಾದಗಳು. ಉಭಯ ಕುಶಲೋಪರಿ ಸಾಂಪ್ರತ.

ನಿನ್ನ ಪತ್ರ ಮೊನ್ನೆ ಕೈಸೇರಿತು. ಮನೆಯ ಸಂಗತಿಗಳನ್ನೆಲ್ಲ ಅಜ್ಜಿ ಬೇರೆ ಬರೆಯುತ್ತಾಳೆ. ಎರಡು ರಾತ್ರಿ ನನ್ನ ನಿದ್ದೆ ಕೆಡಿಸಿದ್ದು, ಹಳೆಯ ಕಲ್ಲುಗಳ ಕಾಂತತೆ ಅಳೆಯುವ ನಿನ್ನ ಪ್ರಬಂಧದ ಬಗ್ಗೆ ಕೊನೆಯ ಪುಟದಲ್ಲಿ ನೀನು ಬರೆದ ಮಾತು: "ಅಜ್ಜಾ, ಧ್ರುವವೇ ಒಂದೆಡೆ ನಿಲ್ಲದೆ ಅಲೆದಿದೆ ಎಂದಮೇಲೆ ನನ್ನ ಅಳತೆಯನ್ನು ಯಾವುದಕ್ಕೆ ಹಿಡಿದು ನೋಡಲಿ? ಉಳಿದವುಗಳೊಂದಿಗೆ ಹೊಂದದ ಮೂರು ಕಲ್ಲುಗಳನ್ನು ಪಟ್ಟಿಯಿಂದ ತೆಗೆದುಬಿಡೋಣ ಎನ್ನಿಸುತ್ತಿದೆ."

ಅವನ್ನು ತೆಗೆಯುವ ಮೊದಲು ಈ ಪತ್ರವನ್ನು ಪೂರ್ತಿ ಓದು.

ಕರಗಿದ ಶಿಲೆ ಆರುತ್ತ ಬಂದು ಅದರೊಳಗಿನ ಮ್ಯಾಗ್ನೆಟೈಟ್ ಎಂಬ ಕಾಂತಗುಣದ ಖನಿಜದ ಕಣಗಳ ಬಿಸಿ ಸುಮಾರು 580 ಡಿಗ್ರಿ ಸೆಲ್ಸಿಯಸ್ಸಿಗಿಂತ ಕೆಳಗಿಳಿದಾಗ, ಆ ಹೊತ್ತಿನ ಭೂಕಾಂತದ ದಿಕ್ಕು ಕಲ್ಲಿನಲ್ಲಿ ಉಳಿದುಬಿಡುತ್ತದೆ; ಸಮಭಾಜಕದ ಬಳಿ ಅದು ನೆಲಕ್ಕೆ ಸಮನಾಗಿ ಮಲಗಿರುತ್ತದೆ, ಧ್ರುವದ ಬಳಿ ನೆಟ್ಟಗೆ ನಿಲ್ಲುತ್ತದೆ, ಹೀಗಾಗಿ ಅದರ ಓರೆಯನ್ನು ಅಳೆದರೆ ಕಲ್ಲು ಹುಟ್ಟಿದ ಅಕ್ಷಾಂಶ ತಿಳಿಯುತ್ತದೆ. ಇದೆಲ್ಲ ನನಗಿಂತ ನಿನಗೇ ಚೆನ್ನಾಗಿ ಗೊತ್ತು. ಆದರೆ 1950ರ ದಶಕದಲ್ಲಿ ಭೂಭೌತವಿಜ್ಞಾನಿ ಕೀತ್ ರಂಕಾರ್ನ್ ಮತ್ತು ಅವರ ಜೊತೆಗಾರರು ಬ್ರಿಟನ್ನಿನ ಬೇರೆ ಬೇರೆ ಕಾಲದ ಕಲ್ಲುಗಳಿಂದ ಧ್ರುವದ ಹಾದಿಯನ್ನು ಗುರುತಿಸಿದಾಗ, ಅದು ಪೆಸಿಫಿಕ್ ಸಾಗರದಿಂದ ಇಂದಿನ ಜಾಗಕ್ಕೆ ನಡೆದುಬಂದಂತೆ ಕಂಡಿತು ಎಂಬುದನ್ನು ನೆನೆ. ಖಂಡಗಳು ಸರಿಯುತ್ತವೆಂದು ರಂಕಾರ್ನ್ ಆಗ ಒಪ್ಪಿರಲಿಲ್ಲ. ಧ್ರುವವೇ ಅಲೆದಿದೆ ಎಂದುಕೊಂಡಿದ್ದರು. ಉತ್ತರ ಅಮೆರಿಕದ ಕಲ್ಲುಗಳನ್ನು ಅಳೆದಾಗ ಸಿಕ್ಕಿದ ಹಾದಿಗೆ ಹೆಚ್ಚುಕಡಿಮೆ ಅದೇ ಆಕಾರವಿತ್ತು, ಆದರೆ ಅದು ಸುಮಾರು 30 ಡಿಗ್ರಿ ಪಕ್ಕಕ್ಕೆ ಸರಿದಿತ್ತು. ಒಂದೇ ಕಾಲದಲ್ಲಿ ಭೂಮಿಗೆ ಎರಡು ಉತ್ತರ ಧ್ರುವಗಳು ಇರಲಾರವು. ನಡುವಿನ ಅಟ್ಲಾಂಟಿಕ್ ಸಾಗರವನ್ನು ಮುಚ್ಚಿ ಎರಡೂ ಖಂಡಗಳನ್ನು ಕೂಡಿಸಿದರೆ ಹಾದಿಗಳೂ ಕೂಡಿಕೊಳ್ಳುತ್ತವೆ. 1956ರಲ್ಲಿ ರಂಕಾರ್ನ್ ತಮ್ಮ ಹಿಂದಿನ ನಿಲುವನ್ನೇ ಬಿಟ್ಟರು.

ಕಾರವಾರದ ಬೈತಖೋಲದಿಂದ ಎರಡು ದೋಣಿಗಳು ಬೇರೆ ಬೇರೆ ದಿಕ್ಕಿಗೆ ಹೊರಟಿವೆ ಎಂದುಕೋ. ತಾನು ನಿಂತಲ್ಲೇ ಇದ್ದೇನೆಂದು ನಂಬಿದ ಒಬ್ಬೊಬ್ಬ ತಾಂಡೇಲನೂ ದ್ವೀಪದ ದೀಪಸ್ತಂಭ ಯಾವ ಕಡೆಗೆ ಸರಿಯಿತೆಂದು ಬರೆದಿಟ್ಟರೆ, ಇಬ್ಬರ ಬರಹವೂ ತಾಳೆಯಾಗುವುದಿಲ್ಲ. ದೀಪಸ್ತಂಭವೇ ಸರಿದಿದ್ದರೆ ತಾಳೆಯಾಗಬೇಕಿತ್ತು. ಆ ಹೊಂದದ ಬರಹವನ್ನು ಹರಿದುಹಾಕಿದರೆ ದೋಣಿ ನಡೆದದ್ದು ತಿಳಿಯುವ ದಾರಿಯೇ ಇಲ್ಲ, ಕೂಸೇ.

ಇದನ್ನು ಇಷ್ಟು ಬಿಡಿಸಿ ಬರೆಯಲು ಕಾರಣವಿದೆ. ತೋಟಕ್ಕೆ ಮರಳುವ ಮೊದಲು ಜೋಯಿಡಾ ಕಡೆಯ ಮ್ಯಾಂಗನೀಸ್ ಗಣಿಯೊಂದರಲ್ಲಿ ನಾನು ಸರ್ವೆ ಕೆಲಸಕ್ಕಿದ್ದೆ. ಒಂದು ಮಧ್ಯಾಹ್ನ ಗುಡ್ಡದ ಓರೆಯಲ್ಲಿ ದಿಕ್ಸೂಚಿಯ ಮುಳ್ಳು ಹಿಂದೆ ಅಳೆದ ಜಾಗಕ್ಕಿಂತ ಏಳು ಡಿಗ್ರಿ ಅತ್ತ ಹೋಗಿ ನಿಂತಿತು. ಕೈಗಡಿಯಾರ ಬಿಚ್ಚಿಟ್ಟೆ, ಸುತ್ತಿಗೆಯನ್ನು ದೂರ ಇಟ್ಟು ಬಂದೆ, ಮತ್ತೆ ನೋಡಿದೆ; ಅದೇ ಏಳು ಡಿಗ್ರಿ. ಸಂಜೆ ಬಿಡಾರದಲ್ಲಿ ಲಾಟೀನಿನ ಬೆಳಕಿನಲ್ಲಿ ಆ ಅಂಕಿಯನ್ನು ರಬ್ಬರಿನಿಂದ ಉಜ್ಜಿ, ನಕ್ಷೆಗೆ ಹೊಂದುವ ಅಂಕಿಯನ್ನು ಬರೆದೆ. ಯಾರೂ ಹೇಳಿರಲಿಲ್ಲ. ತಪ್ಪು ಮಾಡಿದವನೆನಿಸಿಕೊಳ್ಳುವ ಭಯ, ನಿನ್ನದೇ ಭಯ. ಉಜ್ಜಿದ ಕಡೆ ಕಾಗದ ತೆಳ್ಳಗಾಗಿ, ದೀಪಕ್ಕೆ ಹಿಡಿದರೆ ಬೆಳಕು ದಾಟುತ್ತಿತ್ತು. ಆ ಗುಡ್ಡದೊಳಗೆ ಕಾಂತಗುಣದ ಕಬ್ಬಿಣದ ಪಟ್ಟಿಯೊಂದಿತ್ತೆಂದು ಎಷ್ಟೋ ವರ್ಷಗಳ ಮೇಲೆ ಬೇರೆಯವರು ಅಗೆದಾಗ ತಿಳಿಯಿತು. ಅದರ ಮೊದಲ ಗುರುತನ್ನು ನಾನೇ ಅಳಿಸಿದ್ದೆ.

ಯಾವುದಕ್ಕೆ ಹಿಡಿದು ನೋಡಲಿ ಎಂದೆಯಲ್ಲ. ಕಾಂತಧ್ರುವ ಅಷ್ಟಿಷ್ಟು ಓಡಾಡುವುದು ನಿಜ, ಆದರೆ ಹಲವು ಸಾವಿರ ವರ್ಷಗಳ ಸರಾಸರಿ ತೆಗೆದರೆ ಅದು ಭೂಮಿ ತಿರುಗುವ ಅಕ್ಷಕ್ಕೇ ಬಂದು ಕೂರುತ್ತದೆ. ಭೂಮಿಯ ಹೊರಗಿನ ಪದರಗಳೆಲ್ಲ ಒಟ್ಟಾಗಿ ಅಕ್ಷದ ಮೇಲೆ ಜರುಗುವುದೂ ಉಂಟು. ಹಾಗಾದಾಗ ಎಲ್ಲ ಖಂಡಗಳ ದಾಖಲೆಯಲ್ಲೂ ಅದೇ ಜರುಗು ಕಾಣಬೇಕು. ಹಿಡಿದು ನೋಡಬೇಕಾದದ್ದು ಆ ಅಕ್ಷಕ್ಕೆ, ಆ ಸರಾಸರಿಗೆ. ಒಂದು ಲಾವಾ ಪದರ ಬೇಗ ಆರುವುದರಿಂದ ಒಂದು ಗಳಿಗೆಯನ್ನಷ್ಟೇ ಹಿಡಿದಿರುತ್ತದೆ, ಆದ್ದರಿಂದ ಅದು ಕೆಲವು ಡಿಗ್ರಿ ಅತ್ತಿತ್ತ ಇರುವುದೇ ಸಹಜ; ಹೊಂದದವನ್ನು ಕಿತ್ತುಹಾಕಿದರೆ ಕೆಡುವುದು ಆ ಸರಾಸರಿಯೇ.

ನಿನ್ನ ಬೆಳಗಾವಿ ಸೀಮೆಯ ಕರಿಗಲ್ಲು ಸುಮಾರು 6.6 ಕೋಟಿ ವರ್ಷಗಳ ಹಿಂದಿನದು. ಆಗ ಈ ನೆಲ ಸಮಭಾಜಕದ ದಕ್ಷಿಣಕ್ಕೆ ಸುಮಾರು 30 ಡಿಗ್ರಿಯಲ್ಲಿತ್ತು. ಇಂದು ಬೆಳಗಾವಿ ಉತ್ತರಕ್ಕೆ 16 ಡಿಗ್ರಿಯ ಹತ್ತಿರವಿದೆ. ಹಿತ್ತಲ ಬೇಲಿಯಾಚೆಯ ಬಂಡೆಯ ಮೇಲೆ ಕೈಯಿಟ್ಟು ನಿಂತಾಗ, ಇದೂ ಆ ಐದು ಸಾವಿರ ಕಿಲೋಮೀಟರ್ ದಾರಿಯನ್ನು ಜೊತೆಗೇ ನಡೆದುಬಂದಿತಲ್ಲ ಎನ್ನಿಸಿ ನನಗೆ ಕಣ್ಣು ತುಂಬುತ್ತದೆ.

ಉಪಾಯ ಹೇಳಲು ನಾನು ಯಾರು, ನಿನ್ನ ಗುರುಗಳಿದ್ದಾರೆ. ಆದರೂ ಆ ಮೂರು ಕಲ್ಲುಗಳನ್ನು ಗುಡ್ಡದ ನೆತ್ತಿಯಿಂದ ತೆಗೆದಿದ್ದರೆ ಸಿಡಿಲು ಬಡಿದು ಕಾಂತತೆ ಬದಲಾಗಿರಬಹುದು. ಕ್ವಾರಿಯ ಆಳದಿಂದ ಇನ್ನೊಂದು ತುಂಡು ತೆಗೆದು ನೋಡಲಾದೀತೇ? ಕಲ್ಲಿನೊಳಗಿನ ಕಾಂತದ ದಿಕ್ಕು ತಿರುಗಿ ದಕ್ಷಿಣ ತೋರಿದ್ದರೆ ಗಾಬರಿಯಾಗಬೇಡ, ದಕ್ಖನ್ನಿನ ಎಷ್ಟೋ ಲಾವಾ ಪದರಗಳು ಭೂಕಾಂತ ತಿರುಗುಮುರುಗಾಗಿದ್ದ ಕಾಲದವು. ಪದರ ವಾಲಿದೆಯೇ ಎಂದೂ ನೋಡು. ಇಷ್ಟೆಲ್ಲ ಮಾಡಿದ ಮೇಲೂ ಬಿಡಲೇಬೇಕೆಂದಾದರೆ ಬಿಡು, ಆದರೆ ಬಿಟ್ಟೆನೆಂದೂ ಏಕೆ ಬಿಟ್ಟೆನೆಂದೂ ಬರೆದು ಬಿಡು.

ಪ್ರಬಂಧ ತಿರಸ್ಕೃತವಾದೀತೆಂಬ ಹೆದರಿಕೆಯನ್ನೂ ಎರಡು ಕಡೆ ಬರೆದಿದ್ದೀಯೆ. ರಂಕಾರ್ನರ ಜೊತೆಗಾರರಲ್ಲೊಬ್ಬರಾದ, ಭಾರತದ ಕಲ್ಲುಗಳನ್ನೂ ಅಳೆದಿದ್ದ ಟೆಡ್ ಇರ್ವಿಂಗ್ ಅವರ ಪ್ರಬಂಧವನ್ನು 1954ರಲ್ಲಿ ಕೇಂಬ್ರಿಜ್ ಒಪ್ಪಲಿಲ್ಲ. ಅವರು ಆಸ್ಟ್ರೇಲಿಯಾಕ್ಕೆ ಹೋಗಿ ಅಲ್ಲಿನ ಕಲ್ಲುಗಳನ್ನು ಅಳೆದರು. ಅಲ್ಲಿ ಸಿಕ್ಕಿದ ಧ್ರುವದ ಹಾದಿ ಯುರೋಪಿನದಕ್ಕೂ ಅಮೆರಿಕದದಕ್ಕೂ ಹೊಂದಲಿಲ್ಲ. ಅದನ್ನು ಹಾಗೆಯೇ ಪ್ರಕಟಿಸಿದರು.

ನನ್ನ ಹಳೆಯ ಫೀಲ್ಡ್ ಪುಸ್ತಕ ಅಟ್ಟದ ಪೆಟ್ಟಿಗೆಯಲ್ಲಿದೆ; ಇವತ್ತು ಇಳಿಸಿ ಧೂಳು ಒರೆಸಿ ಮೇಜಿನ ಮೇಲಿಟ್ಟಿದ್ದೇನೆ. ಮುಂದಿನ ಪತ್ರದಲ್ಲಿ ಆ ಮೂರು ಕಲ್ಲುಗಳ ಅಂಕಿಗಳನ್ನು ಇದ್ದದ್ದು ಇದ್ದ ಹಾಗೆ ಬರೆದು ಕಳಿಸು. ಆ ಪುಸ್ತಕದ ಕೊನೆಯ ಹಾಳೆಗಳು ಖಾಲಿ ಇವೆ, ಅಲ್ಲಿ ಬರೆದಿಡುತ್ತೇನೆ.

ಇಂತಿ,
ನಿನ್ನ ಅಜ್ಜ