ಲ್ಯಾಪ್‌ಟಾಪ್ ಬ್ಯಾಗಿನಲ್ಲಿ ಹಿಡಿಯುವ ಕ್ಯಾಮೆರಾ

ಪ್ರೀತಿಯ ಪುಟ್ಟಾ,

ಕೆಲಸದ ಪ್ರಯಾಣಕ್ಕೆ ಒಯ್ಯಬೇಕೆಂದು ನೀನು ಕಳಿಸಿದ ಕ್ಯಾಮೆರಾ ಪಟ್ಟಿ ನೋಡಿದೆ. ಫುಲ್ ಫ್ರೇಮ್ ಕ್ಯಾಮೆರಾ (ಬೆಳಕು ಹಿಡಿಯುವ ಸೆನ್ಸರ್ ದೊಡ್ಡದಿರುವುದು), 24-70 ಲೆನ್ಸ್, ದೂರದ್ದನ್ನು ಹತ್ತಿರ ತೋರಿಸುವ 70-200 ಲೆನ್ಸ್, ಜೊತೆಗೊಂದು ಟ್ರೈಪಾಡ್. ಅದರ ಕೆಳಗೇ ಆ ವಾರದ ಕೆಲಸದ ವಿವರವೂ ಇದೆ. ಬೆಳಿಗ್ಗೆಯಿಂದ ಸಂಜೆವರೆಗೆ ಮೀಟಿಂಗ್, ರಾತ್ರಿ ಊಟವೂ ಕ್ಲೈಂಟ್ ಜೊತೆಗೇ, ಮಾರನೇ ದಿನ ಇನ್ನೊಂದು ಊರು. ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ಒಮ್ಮೆ ಓದು. ಆ 70-200 ಲೆನ್ಸನ್ನು ಯಾವ ಹೊತ್ತಿನಲ್ಲಿ ಹೊರಗೆ ತೆಗೆಯುತ್ತೀಯ?

ನಾನು ಹೇಳುವುದಿಷ್ಟು. ನಿನಗೆ ಎಷ್ಟು ಹೊತ್ತು ಸಿಗುತ್ತದೆ ಅಂತ ಮೊದಲು ಲೆಕ್ಕ ಹಾಕು, ಆಮೇಲೆ ಕ್ಯಾಮೆರಾ ಆರಿಸು. ರಜೆಯಲ್ಲಿ ಹೊರಟರೆ ಬೆಳಕಿಗಾಗಿ ಒಂದು ಗಂಟೆ ಕಾಯಬಹುದು. ಕೆಲಸದ ಪ್ರಯಾಣದಲ್ಲಿ ಸಿಗುವುದು ಚೂರುಪಾರು ಸಮಯ. ಹೋಟೆಲಿನಿಂದ ಆಫೀಸಿಗೆ ನಡೆಯುವ ಹತ್ತು ನಿಮಿಷ, ಟ್ಯಾಕ್ಸಿಗೆ ಕಾಯುವ ಐದು ನಿಮಿಷ, ಮೀಟಿಂಗ್ ಬೇಗ ಮುಗಿದರೆ ಕತ್ತಲಾಗುವ ಮುಂಚಿನ ಅರ್ಧ ಗಂಟೆ. ಆ ಹೊತ್ತಿಗೆ ಕ್ಯಾಮೆರಾ ನಿನ್ನ ಮೈಮೇಲೆ ಇರಬೇಕು. ಹೋಟೆಲ್ ರೂಮಿನಲ್ಲಿದ್ದರೆ ಅದು ಎಷ್ಟು ಒಳ್ಳೆಯದಾಗಿದ್ದರೂ ಪ್ರಯೋಜನ ಇಲ್ಲ. ದೊಡ್ಡ ಕ್ಯಾಮೆರಾ ಉಳಿಯುವುದು ರೂಮಿನಲ್ಲೇ. ಲ್ಯಾಪ್‌ಟಾಪ್ ಬ್ಯಾಗಿನ ಜೊತೆ ಇನ್ನೊಂದು ಬ್ಯಾಗ್ ನೇತುಹಾಕಿಕೊಂಡು ಕ್ಲೈಂಟ್ ಮುಂದೆ ನಿಲ್ಲುವುದು ನಿನಗೂ ಹಿಡಿಸುವುದಿಲ್ಲ.

ತೂಕವನ್ನೂ ನೋಡು. ನಿನ್ನ ಪಟ್ಟಿಯಲ್ಲಿರುವುದೆಲ್ಲ ಸೇರಿದರೆ ಟ್ರೈಪಾಡ್ ಬಿಟ್ಟೇ ಎರಡು ಕಿಲೋ ದಾಟುತ್ತದೆ. ಎಷ್ಟೋ ವಿಮಾನ ಕಂಪನಿಗಳು ಕೈಚೀಲಕ್ಕೆ ಕೊಡುವುದೇ 7 ಕಿಲೋ. ಲ್ಯಾಪ್‌ಟಾಪ್, ಚಾರ್ಜರ್, ಕಾಗದಪತ್ರ, ಒಂದು ಜೊತೆ ಬಟ್ಟೆ ಹಾಕಿದ ಮೇಲೆ ಜಾಗ ಎಲ್ಲಿ ಉಳಿಯಿತು? ಕ್ಯಾಮೆರಾವನ್ನು ಲಗೇಜಿಗೆ ಹಾಕುವ ಮಾತು ಬೇಡವೇ ಬೇಡ.

ಚಿಕ್ಕ ಕ್ಯಾಮೆರಾ ಅಂದರೆ ರಾಜಿ ಅಂದುಕೊಳ್ಳಬೇಡ. ಹೆಸರಾಂತ ಜರ್ಮನ್ ಕ್ಯಾಮೆರಾ ಲೈಕಾ ಹುಟ್ಟಿದ್ದೇ ಹೊರುವ ಕಷ್ಟದಿಂದ. ಅದನ್ನು ರೂಪಿಸಿದ ಆಸ್ಕರ್ ಬರ್ನಾಕ್‌ಗೆ ಆಸ್ತಮಾ ಇತ್ತು. ಆಗಿನ ದೊಡ್ಡ ಪ್ಲೇಟ್ ಕ್ಯಾಮೆರಾ ಹೊತ್ತು ಬೆಟ್ಟ ಗುಡ್ಡ ಸುತ್ತುವುದು ಅವರಿಂದ ಆಗುತ್ತಿರಲಿಲ್ಲ. ಅದಕ್ಕೇ ಸಿನಿಮಾ ಫಿಲ್ಮ್ ಬಳಸುವ ಪುಟ್ಟ ಕ್ಯಾಮೆರಾ ಮಾಡಿದರು. ಅದು ಮಾರುಕಟ್ಟೆಗೆ ಬಂದಿದ್ದು 1925ರಲ್ಲಿ. ನಿನ್ನ ಫುಲ್ ಫ್ರೇಮ್ ಸೆನ್ಸರಿನ 36×24 ಮಿಲಿಮೀಟರ್ ಅಳತೆ ಬಂದಿರುವುದೂ ಆ ಕ್ಯಾಮೆರಾದಿಂದಲೇ.

ಹಾಗಾದರೆ ಯಾವುದು? ನಾನಾಗಿದ್ದರೆ ರಿಕೋ ಜಿಆರ್ 3 ಒಯ್ಯುತ್ತಿದ್ದೆ. ಬ್ಯಾಟರಿ, ಕಾರ್ಡ್ ಸೇರಿಸಿ 257 ಗ್ರಾಂ. ಪ್ಯಾಂಟಿನ ಜೇಬಿನಲ್ಲಿ ಹಿಡಿಯುತ್ತದೆ. ಒಳಗಿರುವುದು ಫುಲ್ ಫ್ರೇಮಿಗಿಂತ ಒಂದು ಮೆಟ್ಟಿಲು ಚಿಕ್ಕದಾದ ಎಪಿಎಸ್-ಸಿ ಅಳತೆಯ ಸೆನ್ಸರ್, ಆದರೂ ಎಷ್ಟೋ ದೊಡ್ಡ ಕ್ಯಾಮೆರಾಗಳಲ್ಲಿ ಇರುವಷ್ಟೇ ದೊಡ್ಡದು. ಲೆನ್ಸ್ ಫುಲ್ ಫ್ರೇಮ್ ಲೆಕ್ಕದಲ್ಲಿ 28 ಮಿಲಿಮೀಟರ್. ಈ ಅಂಕಿ ಚಿಕ್ಕದಾದಷ್ಟೂ ನೋಟ ಅಗಲ. ಅದೇ ಕ್ಯಾಮೆರಾ 40 ಮಿಲಿಮೀಟರ್ ಲೆನ್ಸಿನೊಂದಿಗೆ ಜಿಆರ್ 3ಎಕ್ಸ್ ಅಂತ 2021ರಲ್ಲಿ ಬಂತು.

28 ಬೇಕಾ 40 ಬೇಕಾ ಅಂತ ಯಾರನ್ನೂ ಕೇಳಬೇಡ. ನಿನ್ನ ಹಳೇ ಫೋಟೋಗಳಲ್ಲಿ ನಿನಗೆ ತುಂಬಾ ಇಷ್ಟವಾದವನ್ನು ಆರಿಸಿಕೊಂಡು ಅವುಗಳ ಫೋಕಲ್ ಲೆಂತ್, ಅಂದರೆ ಆ ಮಿಲಿಮೀಟರ್ ಅಂಕಿ ನೋಡು. ಪ್ರತಿ ಫೈಲಿನಲ್ಲೂ ಬರೆದಿರುತ್ತದೆ. ನೀನು ಬೀದಿ, ಕಟ್ಟಡ, ಜನರ ಗುಂಪು ತೆಗೆಯುವವನಾದರೆ ಹೆಚ್ಚಿನವು 24ರಿಂದ 35ರ ಒಳಗೆ ಬರುತ್ತವೆ. ಒಬ್ಬೊಬ್ಬರ ಮುಖ, ಮೇಜಿನ ಮೇಲಿನ ವಸ್ತು ತೆಗೆಯುವವನಾದರೆ 40, 50ರ ಸುತ್ತ. ನಿನ್ನ ಕಣ್ಣು ಹೇಗೆ ನೋಡುತ್ತದೆ ಅಂತ ಆ ಅಂಕಿಗಳೇ ಹೇಳುತ್ತವೆ.

ಈ ಕ್ಯಾಮೆರಾದ ಕೊರತೆಗಳನ್ನೂ ಹೇಳಿಬಿಡುತ್ತೇನೆ. ಕಣ್ಣಿಗಿಟ್ಟು ನೋಡುವ ವ್ಯೂಫೈಂಡರ್ ಇಲ್ಲ. ಬಿಸಿಲಿನಲ್ಲಿ ಪರದೆ ಸರಿಯಾಗಿ ಕಾಣುವುದಿಲ್ಲ. ಒಂದು ಬ್ಯಾಟರಿಗೆ ಸುಮಾರು 200 ಚಿತ್ರ, ಅಷ್ಟೇ. ಮಳೆ, ಧೂಳಿಗೆ ರಕ್ಷಣೆ ಇಲ್ಲ, ಆದ್ದರಿಂದ ಜೇಬಿಗೆ ಹಾಕುವ ಮುಂಚೆ ತೆಳ್ಳಗಿನ ಬಟ್ಟೆಯ ಚೀಲದಲ್ಲಿಡು. ಕಣ್ಣಿಗಿಟ್ಟು ನೋಡದೆ ಫೋಟೋ ತೆಗೆದ ಹಾಗೇ ಅನ್ನಿಸುವುದಿಲ್ಲ ಅನ್ನುವುದಾದರೆ ಫ್ಯೂಜಿಫಿಲ್ಮ್ ಎಕ್ಸ್100 ಸರಣಿ ನೋಡು. 35 ಮಿಲಿಮೀಟರ್ ನೋಟ, ಒಳ್ಳೆಯ ವ್ಯೂಫೈಂಡರ್. 2024ರಲ್ಲಿ ಬಂದ ಎಕ್ಸ್100-6 ತೂಗುವುದು 521 ಗ್ರಾಂ. ಕೋಟಿನ ಜೇಬಿಗೆ ಸರಿ, ಪ್ಯಾಂಟಿನದಕ್ಕೆ ಅಲ್ಲ. ವೇದಿಕೆ ಮೇಲಿನವರನ್ನು ಹಿಂದಿನ ಸಾಲಿನಿಂದ ತೆಗೆಯಲೇಬೇಕಾದರೆ ಮಾತ್ರ ಸೋನಿ ಆರ್‌ಎಕ್ಸ್100-7ರಂಥ ಜೂಮ್ ಒಯ್ಯಿ. 24ರಿಂದ 200ರವರೆಗೆ ಹೋಗುತ್ತದೆ. ಆದರೆ ಸೆನ್ಸರ್ ಚಿಕ್ಕದು, ಸಂಜೆ ಹೊತ್ತಿನಲ್ಲಿ ಅದು ಗೊತ್ತಾಗುತ್ತದೆ.

ಫೋನ್ ಸಾಲದಾ ಅಂತ ಕೇಳಿದ್ದೀಯ. ವೈಟ್‌ಬೋರ್ಡ್, ಸ್ಲೈಡ್, ರಸೀದಿಗೆ ಫೋನೇ ಒಳ್ಳೆಯದು, ತಕ್ಷಣ ಕಳಿಸಬಹುದು. ಆದರೆ ಆ ವಾರ ನಿನ್ನ ಟಿಕೆಟ್, ಟ್ಯಾಕ್ಸಿ, ಕರೆ, ಓಟಿಪಿ ಎಲ್ಲ ಫೋನಿನಲ್ಲೇ. ಅದರ ಚಾರ್ಜ್ ಉಳಿಸಿಕೊಳ್ಳಬೇಕು. ಅದಕ್ಕಿಂತ ದೊಡ್ಡ ಮಾತು, ಫೋಟೋಗೆ ಅಂತ ಫೋನ್ ತೆಗೆದರೆ ಮೊದಲು ಕಣ್ಣಿಗೆ ಬೀಳುವುದು ಬಾಸ್‌ನ ಮೆಸೇಜು. ಆ ಹತ್ತು ನಿಮಿಷ ಅಲ್ಲಿಗೇ ಮುಗಿಯಿತು. ಕ್ಯಾಮೆರಾಗೆ ಮೇಲ್ ಬರುವುದಿಲ್ಲ. ನಿನ್ನಂಥ ಕೆಲಸ ಇರುವವನಿಗೆ ಇದು ಸಣ್ಣ ಸಂಗತಿ ಅಲ್ಲ ಪುಟ್ಟಾ. ದಿನಕ್ಕೆ ಒಮ್ಮೆಯಾದರೂ ನೀನು ಆ ಊರನ್ನು ಸುಮ್ನೆ ನೋಡಬೇಕು ಅಂತ ನನ್ನ ಆಸೆ.

ಜಿಆರ್ ತೆಗೆದುಕೊಂಡರೆ ಸ್ನ್ಯಾಪ್ ಫೋಕಸ್ ಕಲಿತುಕೋ, ಅಂದರೆ ಫೋಕಸ್ ದೂರವನ್ನು ಮೊದಲೇ ಗೊತ್ತು ಮಾಡಿಡುವುದು. ಅಪರ್ಚರ್ (ಬೆಳಕು ಒಳಬರುವ ಕಿಂಡಿ) ಎಫ್8, ದೂರ 2.5 ಮೀಟರ್ ಅಂತ ಇಟ್ಟುಬಿಡು. 28ರ ಲೆನ್ಸಿನಲ್ಲಿ ಒಂದೂಕಾಲು ಮೀಟರಿನಿಂದ ಆಚೆಗಿನದೆಲ್ಲ ಹೆಚ್ಚುಕಡಿಮೆ ಸ್ಪಷ್ಟವಾಗಿಯೇ ಬರುತ್ತದೆ. ಜೇಬಿನಿಂದ ತೆಗೆ, ಆನ್ ಮಾಡು, ಬಟನ್ ಪೂರ್ತಿ ಒತ್ತು, ಮತ್ತೆ ಜೇಬಿಗೆ. ಫೋಕಸ್‌ಗೆ ಕಾಯುವ ಕೆಲಸವೇ ಇಲ್ಲ. ಹಗಲಿನ ಬೀದಿಗೆ ಇದು ಸಾಕು. ಕತ್ತಲಾದ ಮೇಲೆ ಎಫ್2.8ಕ್ಕೆ ಬಂದು ಆಟೋಫೋಕಸ್ ಬಳಸು.

ಮೀಟಿಂಗ್ ಹಾಲಿನ ವಿಷಯ ಬೇರೆ. ದೊಡ್ಡ ಕ್ಯಾಮೆರಾದಲ್ಲಿ ಸದ್ದು ಬರದ ಹಾಗೆ ತೆಗೆಯಬೇಕೆಂದರೆ ಯಾವ ಭಾಗವೂ ಅಲುಗಾಡದ ಎಲೆಕ್ಟ್ರಾನಿಕ್ ಶಟರ್ ಬೇಕು. ಎಲ್‌ಇಡಿ ದೀಪದ ಕೆಳಗೆ ಅದರಲ್ಲಿ ಚಿತ್ರದ ತುಂಬ ಅಡ್ಡ ಪಟ್ಟಿ ಬೀಳುವುದುಂಟು. ಜಿಆರ್, ಎಕ್ಸ್100 ಎರಡರಲ್ಲೂ ಲೆನ್ಸ್ ಒಳಗೇ ಲೀಫ್ ಶಟರ್, ಅಂದರೆ ಪುಟ್ಟ ಎಸಳುಗಳಂತೆ ತೆರೆದು ಮುಚ್ಚುವ ಶಟರ್ ಇದೆ. ಪಕ್ಕದವರಿಗೂ ಕೇಳಿಸದಷ್ಟು ಮೆಲ್ಲಗೆ ಕೆಲಸ ಮಾಡುತ್ತದೆ, ಪಟ್ಟಿಯ ಕಾಟವೂ ಇಲ್ಲ. ಆದರೂ ದೀಪ ಮಿನುಗಿ ಒಂದೊಂದು ಚಿತ್ರ ಮಂಕಾದರೆ ಶಟರ್ ವೇಗವನ್ನು ಅಲ್ಲಿನ ಕರೆಂಟಿಗೆ ಹೊಂದಿಸು. 50 ಹರ್ಟ್ಸ್ ಇರುವ ದೇಶದಲ್ಲಿ 1/50 ಅಥವಾ 1/100, 60 ಹರ್ಟ್ಸ್ ಇರುವಲ್ಲಿ 1/60 ಅಥವಾ 1/125. ಯಾರದಾದರೂ ಕಾರ್ಖಾನೆ, ಲ್ಯಾಬ್ ಒಳಗೆ ಹೋದರೆ ಕೇಳದೆ ಕ್ಯಾಮೆರಾ ಹೊರಗೆ ತೆಗೆಯಲೇಬೇಡ. ಬೇಡ ಅಂದರೆ ಬ್ಯಾಗಿನಲ್ಲೇ ಇರಲಿ.

ಎರಡು ಬ್ಯಾಟರಿ ಜಾಸ್ತಿ ಇಟ್ಟುಕೋ. ಅವು ಕೈಚೀಲದಲ್ಲೇ ಇರಬೇಕು, ಬಿಡಿ ಲಿಥಿಯಂ ಬ್ಯಾಟರಿಯನ್ನು ಲಗೇಜಿಗೆ ಹಾಕುವ ಹಾಗಿಲ್ಲ. ಜಿಆರ್ 3, ಎಕ್ಸ್100-6 ಎರಡೂ ಯುಎಸ್‌ಬಿ-ಸಿಯಲ್ಲಿ ಚಾರ್ಜ್ ಆಗುತ್ತವೆ, ಫೋನಿನ ಚಾರ್ಜರೇ ಸಾಕು. ಇಳಿದ ಕೂಡಲೇ ಕ್ಯಾಮೆರಾ ಗಡಿಯಾರವನ್ನು ಆ ಊರಿನ ಸಮಯಕ್ಕೆ ತಿರುಗಿಸು. ಇಲ್ಲದಿದ್ದರೆ ಫೋನಿನ ಚಿತ್ರ, ಕ್ಯಾಮೆರಾ ಚಿತ್ರ ಎರಡೂ ಹಿಂದುಮುಂದಾಗಿ ಸೇರಿಕೊಳ್ಳುತ್ತವೆ. ರಾತ್ರಿ ಕೂತು ಎಡಿಟ್ ಮಾಡಬೇಡ, ನಿದ್ದೆ ಮಾಡು. ಕ್ಯಾಮೆರಾ ಉಳಿಸಿದ ಮೂಲ ಫೈಲುಗಳು (ರಾ ಫೈಲು) ನೀನು ವಾಪಸ್ ಬಂದ ಮೇಲೂ ಹಾಗೇ ಇರುತ್ತವೆ.

ಕೊಳ್ಳುವುದಿದ್ದರೆ ಈ ವಾರವೇ ಕೊಳ್ಳು. ಹೊರಡುವ ಹಿಂದಿನ ದಿನ ಕೈಗೆ ಬಂದ ಕ್ಯಾಮೆರಾದ ಮೆನು ಹುಡುಕುತ್ತಾ ಆ ಚೂರುಪಾರು ಸಮಯ ಕಳೆದುಹೋಗಬಾರದು ಅಲ್ವಾ? ದಿನಾ ಆಫೀಸಿಗೆ ಹೋಗುವಾಗ ಜೇಬಿನಲ್ಲಿಟ್ಟುಕೊಂಡು ಹೋಗು, ನೋಡದೆಯೇ ಬೆರಳು ಬಟನ್ ಹುಡುಕುವಂತಾಗಲಿ. ದೊಡ್ಡ ಕ್ಯಾಮೆರಾ, ಲೆನ್ಸುಗಳನ್ನು ಮನೆಯಲ್ಲಿ ಮುಚ್ಚಿಟ್ಟು ಹೋದರೆ ತೇವಕ್ಕೆ ಫಂಗಸ್ ಹಿಡಿಯಬಹುದು ಅನ್ನುವ ಚಿಂತೆ ಇದ್ದರೆ ನನಗೆ ಕೊಟ್ಟು ಹೋಗು. ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿ ನನ್ನವುಗಳ ಪಕ್ಕದಲ್ಲೇ ಇಟ್ಟಿರುತ್ತೇನೆ.

ಪ್ರೀತಿಯಿಂದ,
ಅತ್ತೆ