ರೇಪಿನ್ ಚಿತ್ರ ಫೋಟೋ ಥರ ಇಲ್ಲ

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರದ ಪುರವಣಿಯಲ್ಲಿ ರಷ್ಯಾದ ಕಲಾವಿದ ಇಲ್ಯಾ ರೇಪಿನ್ ಬಗ್ಗೆ ಬಂದ ಬರಹ ಓದಿ ಖುಷಿಯಾಯಿತು. ಆದರೆ ದೊರೆ ಇವಾನ್ ಮತ್ತು ಅವನ ಮಗನ ಚಿತ್ರದ ಕೆಳಗೆ 'ಥೇಟ್ ಫೋಟೋದಂತೆ' ಎಂದು ಹಾಕಿದ್ದೀರಿ. ಎಣ್ಣೆ ಬಣ್ಣದಲ್ಲಿ ಚಿತ್ರ ಬರೆಯುವ ನನಗೆ ಅದೊಂದು ಮಾತು ಒಪ್ಪಿಗೆಯಾಗಲಿಲ್ಲ.

ಸಿಟ್ಟಿನಲ್ಲಿ ಮಗನ ತಲೆಗೆ ಕೋಲಿನಿಂದ ಹೊಡೆದ ಅಪ್ಪ, ಮರುಕ್ಷಣವೇ ಅವನನ್ನು ತಬ್ಬಿ ನೆಲದ ಮೇಲೆ ಕೂತಿದ್ದಾನೆ. ಕತೆ 1581ರದು, ಚಿತ್ರ ಮುಗಿದದ್ದು 1885ರಲ್ಲಿ. ಸುಮಾರು ಎರಡು ಮೀಟರ್ ಎತ್ತರ, ಎರಡೂವರೆ ಮೀಟರ್ ಅಗಲ. ಅಷ್ಟು ದೊಡ್ಡದನ್ನು ಅಂಗೈಯಗಲ ಮಾಡಿ ಅಚ್ಚು ಹಾಕಿದರೆ ಕುಂಚದ ಗುರುತೆಲ್ಲ ಅಳಿಸಿಹೋಗಿ ಫೋಟೋ ಥರಾನೇ ಕಾಣುತ್ತದೆ, ಅಲ್ವಾ?

ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿ. ಹಿಂದಿನ ಗೋಡೆ ಕತ್ತಲಲ್ಲಿ ಸುಮ್ನೆ ನಿಂತಿದೆ. ಮುಂದೆ ನೆಲದ ಮೇಲೆ ಮುದುಡಿದ ಕೆಂಪು ರತ್ನಗಂಬಳಿಯಲ್ಲಿ ಕುಂಚ ಮಡಿಕೆ ಮಡಿಕೆಯಾಗಿ ಓಡಿದೆ, ಅಲ್ಲಿ ಆಗಷ್ಟೇ ಯಾರೋ ಒದ್ದಾಡಿದ್ದು ಗೊತ್ತಾಗುತ್ತದೆ. ಆಮೇಲೆ ಅಪ್ಪನ ಮುಖ. ಅರಳಿದ ಕಣ್ಣು, ಅದರ ಸುತ್ತ ಒಂದರ ಪಕ್ಕ ಒಂದು ಬಿಡಿಬಿಡಿ ಗೀಟು. ಮಗನ ಗಾಯವನ್ನು ಒತ್ತಿ ಹಿಡಿದ ಕೈ, ಬೆರಳ ಸಂದಿಯಿಂದ ಇಳಿಯುವ ರಕ್ತ. ಎಣ್ಣೆ ಬಣ್ಣ ಬೇಗ ಒಣಗುವುದಿಲ್ಲ, ಬೇಕೆಂದಿದ್ದರೆ ಮೆತ್ತನೆಯ ಕುಂಚದಲ್ಲಿ ಸವರಿ ಸವರಿ ಆ ಮುಖವನ್ನು ಗಾಜಿನಷ್ಟು ನುಣ್ಣಗೆ ಮಾಡಲು ರೇಪಿನ್‌ಗೆ ಬೇಕಾದಷ್ಟು ಹೊತ್ತಿತ್ತು. ಮಾಡಲಿಲ್ಲ, ಹಾಗೇ ಬಿಟ್ಟ. ಆ ಒರಟಿನಿಂದಲೇ ನಮ್ಮ ಕಣ್ಣು ಒಂದು ಕಡೆ ನಿಲ್ಲದೆ ತಡಬಡಿಸುತ್ತದೆ. ನೋಡುವವರಿಗೆ ಹುಟ್ಟುವ ಆ ತಳಮಳಕ್ಕೆ ಕತೆ ಎಷ್ಟು ಕಾರಣವೋ ಕೈಯ ಓಟವೂ ಅಷ್ಟೇ ಕಾರಣ. ನನ್ನ ಕೇಳಿದರೆ ಕೈಯದೇ ಜಾಸ್ತಿ.

ಇನ್ನೊಂದು ಸಂಗತಿ. 1913ರಲ್ಲಿ ಮಾಸ್ಕೋದ ಟ್ರೆಟ್ಯಾಕೋವ್ ಗ್ಯಾಲರಿಯಲ್ಲಿ ಒಬ್ಬ ಚಾಕುವಿನಿಂದ ಈ ಮುಖಗಳನ್ನೇ ಸೀಳಿದ. ರೇಪಿನ್ ತಾನೇ ಬಂದು ಅಪ್ಪನ ಮುಖವನ್ನು ಮತ್ತೆ ಬರೆದ. ಆದರೆ ಅಷ್ಟರಲ್ಲಿ 28 ವರ್ಷ ಕಳೆದು ಅವನ ಬಣ್ಣವೂ ಕೈಯೂ ಬದಲಾಗಿದ್ದವು. ಹೊಸ ಮುಖಕ್ಕೆ ಬಂದ ನೇರಳೆ ಛಾಯೆ ಉಳಿದ ಚಿತ್ರಕ್ಕೆ ಹೊಂದಲೇ ಇಲ್ಲ. ಕೊನೆಗೆ ಗ್ಯಾಲರಿಯವರು ಅದನ್ನು ಒರೆಸಿ ತೆಗೆದು ಹಳೆಯದಕ್ಕೆ ಹೊಂದಿಸಿದರು. ಬರೆದವನ ಕೈಗೇ ಎರಡನೇ ಸಲ ದಕ್ಕದ್ದನ್ನು ಫೋಟೋ ಥರ ಅನ್ನುವುದು ಹೇಗೆ?

ಮುಂದಿನ ಸಲ ಇಂಥ ಚಿತ್ರ ಹಾಕುವಾಗ ಪಕ್ಕದಲ್ಲಿ ಒಂದು ತುಣುಕನ್ನು, ಆ ಕಣ್ಣನ್ನೋ ಕೈಯನ್ನೋ, ಅರ್ಧ ಪುಟದಷ್ಟು ದೊಡ್ಡದಾಗಿ ಹಾಕಿ. ಚಿತ್ರ ಕಲಿಯುವ ಮಕ್ಕಳು ಕತ್ತರಿಸಿ ಇಟ್ಟುಕೊಳ್ಳುತ್ತಾರೆ.

ಇಂತಿ,
ನಿಮ್ಮ ಹಳೆಯ ಓದುಗ