‘ಸಿಂಚ್’ ಪದಕ್ಕೆ ಅರ್ಥದ ಜೊತೆ ಮೂಲವನ್ನೂ ಕೊಡಿ

ಮಾನ್ಯ ಸಂಪಾದಕರೆ,

ತಮ್ಮ ಪತ್ರಿಕೆಯಲ್ಲಿ ಶಾಲಾ ಮಕ್ಕಳಿಗಾಗಿ ಬರುವ ಇಂಗ್ಲಿಷ್ ಪದಪರಿಚಯದಲ್ಲಿ ಇತ್ತೀಚೆಗೆ ‘ಸಿಂಚ್’ ಎಂಬುದಕ್ಕೆ ಕ್ರಿಯಾಪದವಾಗಿ ‘ಬಿಗಿಯುವುದು’ ಎಂದೂ ನಾಮಪದವಾಗಿ ‘ಬಹಳ ಸುಲಭವಾದ ಕೆಲಸ’ ಎಂದೂ ಅರ್ಥ ಕೊಡಲಾಗಿತ್ತು. ಎರಡೂ ಸರಿಯೇ. ಆದರೆ ಬಿಗಿತಕ್ಕೂ ಸುಲಭಕ್ಕೂ ಏನು ನಂಟು ಎಂಬುದನ್ನು ಹೇಳದೆ ಬಿಟ್ಟರೆ, ಮಕ್ಕಳು ಅವೆರಡನ್ನೂ ಬೇರೆಬೇರೆಯಾಗಿ ಉರುಹೊಡೆದು ಪರೀಕ್ಷೆ ಮುಗಿದೊಡನೆ ಮರೆಯುತ್ತಾರೆ. ಆ ನಂಟು ಪದದ ಹುಟ್ಟಿನಲ್ಲೇ ಇದೆ.

ಈ ಪದ ಇಂಗ್ಲೆಂಡಿನದಲ್ಲ. ಜೀನು ಜಾರದಂತೆ ಕುದುರೆಯ ಹೊಟ್ಟೆಯನ್ನು ಸುತ್ತಿ ಕಟ್ಟುವ ಪಟ್ಟಿಗೆ ಸ್ಪ್ಯಾನಿಷ್ ಭಾಷೆಯಲ್ಲಿ ‘ಸಿಂಚಾ’ ಎಂದು ಹೆಸರು. ಹದಿನಾರನೆಯ ಶತಮಾನದಲ್ಲಿ ಸ್ಪೇನಿನವರು ಮೆಕ್ಸಿಕೊಗೆ ಕುದುರೆಗಳನ್ನು ತಂದಾಗ ಅವುಗಳ ಸಾಮಾನಿನ ಹೆಸರುಗಳೂ ಬಂದವು. ಮುಂದೆ ಟೆಕ್ಸಾಸ್, ಕ್ಯಾಲಿಫೋರ್ನಿಯಾಗಳಲ್ಲಿ ನೆಲೆಸಿದ ಇಂಗ್ಲಿಷ್ ಮಾತಿನ ದನಗಾಹಿಗಳು ಅಲ್ಲಿನ ಮೆಕ್ಸಿಕನ್ ಸವಾರರಿಂದ ಕಸುಬಿನೊಂದಿಗೆ ಈ ಪದಗಳನ್ನೂ ಕಲಿತರು. ಲ್ಯಾಸೊ (ಕುಣಿಕೆಯ ಹಗ್ಗ), ರ‍್ಯಾಂಚ್ (ದನಕರು ಸಾಕುವ ದೊಡ್ಡ ಜಮೀನು) ಬಂದದ್ದೂ ಇದೇ ದಾರಿಯಲ್ಲಿ. ‘ಸಿಂಚ್’ ಅಮೆರಿಕದ ಬರಹದಲ್ಲಿ 1850ರ ದಶಕದ ಕೊನೆಗೆ ಪಟ್ಟಿಯ ಹೆಸರಾಗಿ, 1860ರ ದಶಕದಲ್ಲಿ ಕ್ರಿಯಾಪದವಾಗಿ ಕಾಣಿಸಿಕೊಳ್ಳುತ್ತದೆ.

ಇಂಗ್ಲೆಂಡಿನ ಜೀನಿನ ಪಟ್ಟಿಗೆ ಬಕಲ್ ಇರುತ್ತದೆ. ಮೆಕ್ಸಿಕನ್ ಪದ್ಧತಿಯಲ್ಲಿ ಕುದುರೆಯ ಕೂದಲಿನ ಹುರಿಗಳಿಂದ ಮಾಡಿದ ಪಟ್ಟಿಯ ತುದಿಗೆ ಬಳೆಯಿದ್ದು, ಜೀನಿನಿಂದ ಇಳಿಬಿಟ್ಟ ತೊಗಲಿನ ವಾರನ್ನು ಅದರೊಳಗೆ ತೂರಿಸಿ, ಬಲವಾಗಿ ಎಳೆದು ಗಂಟು ಹಾಕುತ್ತಾರೆ. ಆ ಎಳೆತವೇ ‘ಸಿಂಚ್’ನ ಮೂಲಾರ್ಥ. ಕುಣಿಕೆ ಎಸೆದು ಹೋರಿಯನ್ನು ಹಿಡಿದಾಗ ಅದರ ಸೆಳೆತವೆಲ್ಲ ಜೀನಿನ ಮೇಲೆ ಬೀಳುವುದರಿಂದ, ಪಟ್ಟಿ ಸಡಿಲವಿದ್ದರೆ ಜೀನಿನೊಂದಿಗೆ ಸವಾರನೂ ನೆಲಕ್ಕುರುಳುತ್ತಾನೆ. ಕೆಲವು ಕುದುರೆಗಳು ಬಿಗಿಯುವ ಹೊತ್ತಿಗೆ ಮೈ ಉಬ್ಬಿಸಿ ನಿಲ್ಲುತ್ತವೆಯಾದ್ದರಿಂದ ನಾಲ್ಕು ಹೆಜ್ಜೆ ನಡೆಸಿ ಮತ್ತೊಮ್ಮೆ ಬಿಗಿಯುವುದು ಅನುಭವಸ್ಥರ ರೂಢಿ. ಹಾಗೆ ಬಿಗಿದಾದ ಮೇಲೆ ಅಂಜಿಕೆಯಿಲ್ಲ. 1880ರ ದಶಕದಲ್ಲಿ ಈ ಪದಕ್ಕೆ ‘ಭದ್ರವಾದ ಹಿಡಿತ’ ಎಂಬ ಅರ್ಥವೂ, 1890ರ ದಶಕದಲ್ಲಿ ‘ಖಚಿತವಾಗಿ ಕೈಗೂಡುವ ಕೆಲಸ’, ಅಂದರೆ ಸುಲಭದ ಕೆಲಸ ಎಂಬ ಅರ್ಥವೂ ಬಂದದ್ದು ಹೀಗೆ.

ಸ್ಪ್ಯಾನಿಷ್ ಪದದ ಹಿಂದೆ ‘ಸುತ್ತುವರಿ, ನಡುವಿಗೆ ಕಟ್ಟು’ ಎಂಬ ಅರ್ಥದ ಲ್ಯಾಟಿನ್ ಧಾತು ‘ಕಿಂಗೆರೆ’ ಇದೆ. ಉಡುಪನ್ನು ಮೇಲೆತ್ತಿ ಟೊಂಕ ಕಟ್ಟಿದ ಸ್ಥಿತಿಯನ್ನು ಹೇಳುತ್ತಿದ್ದ ಲ್ಯಾಟಿನ್ ಪದವೇ ಇಂಗ್ಲಿಷಿನಲ್ಲಿ ‘ಸಕ್ಸಿಂಕ್ಟ್’ ಆಗಿ, ಚುಟುಕಾದ ಮಾತಿಗೆ ವಿಶೇಷಣವಾಯಿತು. ನಾವು ಸರ್ಪಸುತ್ತು ಎನ್ನುವ ಕಾಯಿಲೆಯ ಇಂಗ್ಲಿಷ್ ಹೆಸರು ‘ಶಿಂಗಲ್ಸ್’ ಕೂಡ ಇದೇ ಬಳಗದ್ದು. ನಡುಪಟ್ಟಿ ಎಂಬರ್ಥದ ಗ್ರೀಕ್ ಹೆಸರನ್ನು ಮಧ್ಯಯುಗದ ಲ್ಯಾಟಿನ್ನಿಗೆ ಅನುವಾದಿಸಿದ್ದರಿಂದ ಹುಟ್ಟಿದ್ದು. ಮೈಯನ್ನು ಸುತ್ತುವ ಗುಳ್ಳೆಗಳಲ್ಲಿ ಅವರು ಪಟ್ಟಿಯನ್ನು ಕಂಡರು, ನಮ್ಮವರು ಹಾವನ್ನು ಕಂಡರು. ಆದರೆ ಉಚ್ಚಾರ ಹತ್ತಿರವೆಂದು ಸಂಸ್ಕೃತದ ‘ಸಿಂಚನ’ವನ್ನು ಇಲ್ಲಿಗೆ ಎಳೆದು ತರಬಾರದು, ಅದು ಚಿಮುಕಿಸುವುದಕ್ಕೆ ಸಂಬಂಧಿಸಿದ್ದು, ಇದಕ್ಕೂ ಅದಕ್ಕೂ ನಂಟಿಲ್ಲ.

ಪದಪರಿಚಯಕ್ಕೆ ಇರುವ ಜಾಗ ಕಿರಿದೆಂದು ಬಲ್ಲೆ. ದಿನಕ್ಕೆ ಕೊಡುವ ಪದಗಳಲ್ಲಿ ಒಂದೆರಡನ್ನು ಕಡಿಮೆ ಮಾಡಿಯಾದರೂ, ಉಳಿದವುಗಳ ಹುಟ್ಟನ್ನು ಒಂದೊಂದು ಸಾಲಿನಲ್ಲಿ ತಿಳಿಸಬೇಕೆಂದು ವಿನಂತಿಸುತ್ತೇನೆ.

ಇಂತಿ,
ಓದುಗ, ಧಾರವಾಡ